ತಪಾಸಣೆಯಲ್ಲಿ ದೋಷ ಕಂಡರೆ ಅಂಗನವಾಡಿ ಮುಚ್ಚುತ್ತಾರೆಯೇ? ಇಲ್ಲ

‘ಮೇಲ್ವಿಚಾರಕಿ ಬಂದು ಕೊರತೆ ಬರೆದುಕೊಂಡು ಹೋದರೆ ಆ ಅಂಗನವಾಡಿ ಮುಚ್ಚಿದಂತೆಯೇ, ಮಕ್ಕಳನ್ನು ಈಗಲೇ ನರ್ಸರಿಗೆ ಸೇರಿಸಿ’ ಎಂಬ ಸಂದೇಶ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ಇದನ್ನು ನಂಬಬೇಡಿ, ಮುಂದಕ್ಕೆ ಕಳಿಸಬೇಡಿ.

ತಪಾಸಣೆ ನಡೆಯುವುದು ಕೊರತೆ ಸರಿಪಡಿಸುವುದಕ್ಕೆ. ತೂಕದ ಯಂತ್ರವನ್ನೇ ನೋಡಿ. ಖಾಲಿ ಇದ್ದಾಗ ಮುಳ್ಳು ಸೊನ್ನೆಗೆ ನಿಲ್ಲದೆ ಅರ್ಧ ಕಿಲೋ ಹೆಚ್ಚು ತೋರಿಸಿದರೆ, ಬಡಕಲು ಮಗುವೂ ದಾಖಲೆಯಲ್ಲಿ ಚೆನ್ನಾಗಿರುತ್ತದೆ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಚಿಕಿತ್ಸೆ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗಬೇಕಾದ ಮಗು ಮನೆಯಲ್ಲೇ ಉಳಿಯುತ್ತದೆ. ಅದನ್ನು ಯಾರಾದರೂ ಬಂದು ಹಿಡಿಯಲೇಬೇಕಲ್ಲವೇ? ಬೇಳೆ, ಮೊಟ್ಟೆಯ ದಾಸ್ತಾನು, ಕುಡಿಯುವ ನೀರು, ಶೌಚಾಲಯ, ಹಾಜರಿ, ಇವನ್ನು ನೋಡುವುದೂ ಇದಕ್ಕೇ. ಬರೆದ ಕೊರತೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ತಲುಪಿದರೆ ಹೊಸ ಯಂತ್ರ ಕೇಳಲು, ಸೋರುವ ಚಾವಣಿಯ ದುರಸ್ತಿಗೆ ಪಂಚಾಯಿತಿಗೆ ಪತ್ರ ಬರೆಯಲು ಆಧಾರ ಸಿಗುತ್ತದೆ.

2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯ ಉಚಿತ ಆಹಾರ ಹಕ್ಕು. 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿ, ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದು ಆದೇಶಿಸಿದೆ. ತಕ್ಕಡಿ ಕೆಟ್ಟಿತೆಂದು ಈ ಹಕ್ಕು ಹೋಗುವುದಿಲ್ಲ.

ಈ ಸುಳ್ಳಿನಿಂದ ಕಾರ್ಯಕರ್ತೆಯರು ಹೆದರಿ ಕೊರತೆ ಮುಚ್ಚಿಡುವಂತಾದರೆ ನಷ್ಟ ಮಕ್ಕಳಿಗೇ, ನನಗೆ ಹೆಚ್ಚು ಸಂಕಟವಾಗಿರುವುದು ಅದಕ್ಕೇ. ನಿಮ್ಮೂರ ಕೇಂದ್ರದಲ್ಲಿ ಏನು ಬರೆದುಕೊಂಡು ಹೋದರು ಎಂದು ಅಂಗನವಾಡಿಯ ಊರಿನವರ ಸಮಿತಿಯಾದ ಬಾಲವಿಕಾಸ ಸಮಿತಿಯಲ್ಲಿ ಕೇಳಿ. ಮುಂದಿನ ತಿಂಗಳು ಮತ್ತೆ ಕೇಳಿ.