ಯೋಗ ಮ್ಯಾಟ್ ಬೇಡ ಮಾರ್ರೆ, ಎರಡು ಗಂಟೆ ಬಿಡಿ

ಬೈಕಂಪಾಡಿ ಕಡೆಯ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಸಂಬಳದ ಲೆಕ್ಕ ಬರೆದವನು ನಾನು. ಕಳೆದ ತಿಂಗಳು ಉಡುಪಿಯ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನದ್ದು ಸಣ್ಣ ಕಂಪನಿ. "ಕೆಲಸದವರಿಗೆ ಏನಾದ್ರೂ ಮಾಡ್ಬೇಕು, ಖರ್ಚು ಕೈ ಮೀರಬಾರದು. ಎಂತ ಮಾಡುದು?" ಅಂದ. ಫೋನಲ್ಲಿ ಹೇಳಿದ್ದು ಸಾಲಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವರ್ಷ ಯೋಗ ದಿನಕ್ಕೆ ನಮ್ಮಲ್ಲಿ ಎಲ್ಲರಿಗೂ ಮ್ಯಾಟ್ ಹಂಚಿದರು. ಫೋಟೋ ಚೆನ್ನಾಗಿ ಬಂತು. ಆಮೇಲೆ ಆ ಮ್ಯಾಟುಗಳು ಮನೆ ಮನೆಯ ಚಾವಡಿಯಲ್ಲಿ ಮಕ್ಕಳು ಮಲಗಲಿಕ್ಕೆ ಆದವು. ಅದೂ ಒಂದು ಉಪಯೋಗವೇ ಬಿಡಿ.

ಅದೇ ಮಳೆಗಾಲ ಕಟ್ಟಿಂಗ್‌ನ, ಅಂದರೆ ಗೇರುಬೀಜ ಒಡೆಯುವ ಕೆಲಸದ, ಅಕ್ಕ ಒಬ್ಬರು ಸಂಬಳದ ಪುಸ್ತಕಕ್ಕೆ ಸಹಿ ಹಾಕಲು ಬಂದರು. ಪೆನ್ನು ಹಿಡಿಯಲಿಕ್ಕೆ ಆಗುತ್ತಿರಲಿಲ್ಲ. ಗೇರು ಸಿಪ್ಪೆಯ ಎಣ್ಣೆ ಗೊತ್ತಲ್ವಾ, ತಾಗಿದರೆ ಚರ್ಮ ಸುಡುತ್ತದೆ. ಬೆರಳ ತುದಿ ಕಪ್ಪಾಗಿ ಚರ್ಮ ಎದ್ದಿತ್ತು. "ಇಎಸ್‌ಐ ಡಿಸ್ಪೆನ್ಸರಿಗೆ ಹೋಗ್ಲಿಲ್ವಾ ಅಕ್ಕ?" ಅಂದೆ. ಇಎಸ್‌ಐ ಅಂದರೆ ಕೆಲಸದವರ ಸರಕಾರಿ ಆರೋಗ್ಯ ವಿಮೆ. "ಹೋದ್ರೆ ಅರ್ಧ ದಿನದ ಸಂಬಳ ಹೋಗ್ತದಲ್ಲ" ಅಂದರು. ನಾನು ತಲೆ ತಗ್ಗಿಸಿದೆ. ತಿಂಗಳು ತಿಂಗಳು ಅವರ ಸಂಬಳದಿಂದ ಇಎಸ್‌ಐ ಹಣ ಹಿಡಿಯುತ್ತಿದ್ದವನು ನಾನೇ.

ಲೆಕ್ಕ ಸಣ್ಣದು. ಈಗ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದವರಿಗೆ ಇಎಸ್‌ಐ. 2019ರ ಜುಲೈಯಿಂದ ಧಣಿಗಳ ಪಾಲು ಶೇ. 3.25, ಕೆಲಸದವರದ್ದು ಶೇ. 0.75. ಸಂಬಳ 12,000 ಅಂತಿಟ್ಟುಕೊಂಡರೆ 390 ಮತ್ತು 90, ಒಟ್ಟು 480. ನೂರು ಜನ ಅಂದರೆ ತಿಂಗಳಿಗೆ 48,000. ಇಷ್ಟು ಕಟ್ಟಿಯೂ ಯಾರೂ ಡಾಕ್ಟರ ಮುಖ ನೋಡದಿದ್ದರೆ ಹಣ ಹೊಳೆಗೆ ಹಾಕಿದ ಹಾಗೆ. ಆರು ತಿಂಗಳ ಅವಧಿಯಲ್ಲಿ 78 ದಿನದ ಕಂತು ಇದ್ದರೆ, ಕಾಯಿಲೆ ರಜೆಗೆ ಸಂಬಳದ ಶೇ. 70 ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ನಮ್ಮಲ್ಲಿ ಇದು ಜಾಸ್ತಿ ಜನಕ್ಕೆ ಗೊತ್ತೇ ಇರಲಿಲ್ಲ. ಗೊತ್ತಿದ್ದ ನಾನು ಬಾಯಿ ಬಿಟ್ಟಿರಲಿಲ್ಲ.

ಧಣಿಗಳ ಹತ್ತಿರ ಹೋಗಿ ಎರಡೇ ಕೇಳಿದೆ. ಡಿಸ್ಪೆನ್ಸರಿಗೆ ಹೋದವರಿಗೆ ಎರಡು ಗಂಟೆ ಸಂಬಳ ಕಡಿಯಬೇಡಿ. ಮತ್ತೆ, ಗ್ಲೌಸ್ ಹರಿದ ದಿನವೇ ಬೇರೆ ಕೊಡಿ, ತಿಂಗಳ ಕೊನೆಗಲ್ಲ. "ಎಲ್ಲರೂ ತಪ್ಪಿಸಿಕೊಳ್ತಾರೆ ನೋಡು" ಅಂದರು, ಆದರೂ ಒಪ್ಪಿದರು. ಸುಳ್ಳಲ್ಲ, ಒಬ್ಬರು ಚೀಟಿಯ ಜೊತೆ ಒಂದು ತೊಟ್ಟೆ ಬಂಗುಡೆಯನ್ನೂ ತಂದದ್ದು ಉಂಟು! ಆದರೆ ಜ್ವರ ಬಂದರೆ ಮೊದಲನೇ ದಿನವೇ ಮದ್ದು ತರುವವರು ಜಾಸ್ತಿಯಾದರು. ವಾರಗಟ್ಟಲೆ ಮಲಗಿ ಆರ್ಡರ್ ತಪ್ಪುವುದು ಕಡಿಮೆಯಾಯಿತು. ಮುಂದಿನ ವರ್ಷ ಧಣಿಗಳು ಆ ಮಾತೇ ಎತ್ತಲಿಲ್ಲ.

ಆಫೀಸಿನವರ ಗ್ರೂಪ್ ಇನ್ಶೂರೆನ್ಸ್‌ದು ಬೇರೆಯೇ ಕಥೆ. ಪ್ರೀಮಿಯಂ ಇಳಿಸಲು ಆಸ್ಪತ್ರೆ ರೂಮ್ ಬಾಡಿಗೆಗೆ ಮಿತಿ ಹಾಕುತ್ತಾರೆ. ಮಿತಿ ದಾಟಿದ ರೂಮ್ ಹಿಡಿದರೆ ಡಾಕ್ಟರ್ ಫೀಸಿಗೆ ಇನ್ಶೂರೆನ್ಸ್‌ನವರು ಕೊಡುವ ಹಣವೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ಡಿಸ್ಚಾರ್ಜ್ ದಿನ ಕೌಂಟರಿನ ಎದುರು ಇದು ಗೊತ್ತಾಗಬಾರದು. ನನ್ನನ್ನು ಕೇಳಿದರೆ, ಆ ಮಿತಿ ತೆಗೆದು ಬಿಲ್ಲಿನ ಸಣ್ಣ ಪಾಲು ನಾವೇ ಕೊಡುವುದು ವಾಸಿ. ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ.

ಗೆಳೆಯನಿಗೆ ಒಂದೇ ಹೇಳಿದ್ದೆ: ಏನೂ ಕೊಡುವ ಮೊದಲು ಚಾ ಹೊತ್ತಿಗೆ ಅವರ ಜೊತೆ ಕೂತು ಕೇಳು. ಮೊನ್ನೆ ಕೇಳಿದನಂತೆ. ಬಂದ ಮೊದಲ ಬೇಡಿಕೆ, ಹೆಂಗಸರ ಟಾಯ್ಲೆಟ್ ಬಾಗಿಲಿಗೆ ಒಂದು ಚಿಲಕ.