ಆರು ಸಲ ಗಾಡಿ ಆಫ್ ಮಾಡಿದ್ರೆ ಗೋವಾ

ಮುಂಬಯಿ ಪಕ್ಕದ ಡೊಂಬಿವಲಿಯಿಂದ ಕುಂದಾಪುರಕ್ಕೆ ಬೈಕಲ್ಲಿ ಹೋಗಿದ್ದೆ ಅಂತ ಗೊತ್ತಾದ ಕೂಡಲೇ ನಮ್ಮ ಬಿಲ್ಡಿಂಗಿನ ಹುಡುಗರು ಕೇಳಿದ್ದು ಒಂದೇ ಪ್ರಶ್ನೆ. "ಅಣ್ಣಾ, ಎಷ್ಟು ಗಂಟೆಯಲ್ಲಿ ಮುಟ್ಟಿದ್ರಿ?" ಐದು ದಿನ ಅಂದೆ. "ಗಾಡಿ ಕೆಟ್ಟಿತ್ತಾ?" ಅಂದ್ರು.

ಕೆಟ್ಟಿರಲಿಲ್ಲ ಮಾರಾಯ್ರೆ. ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ 66ನೇ ನಂಬರಿನ ಹೆದ್ದಾರಿ (ಹಳಬರ ಬಾಯಲ್ಲಿ ಇನ್ನೂ 17) ನಮ್ಮೂರಿನ ಮೇಲೇ ಹಾದು ಹೋಗುತ್ತೆ, ನಿಜ. ಮನೆಯಿಂದ ಊರಿಗೆ 800 ಕಿಲೋಮೀಟರಿಗೂ ಮೇಲೆ. ಆದರೆ ಇಷ್ಟು ವರ್ಷ ಆ ದಾರಿಯಲ್ಲಿ ನಾನು ನೋಡಿದ್ದು ಲಾರಿಗಳ ಹಿಂಭಾಗ ಮತ್ತು ಡೈವರ್ಶನ್ ಬೋರ್ಡು. ಸಮುದ್ರ ಬಲಗಡೆ ಎಲ್ಲೋ ಇದೆ ಅನ್ನೋದು ಬರೀ ನಂಬಿಕೆ. ಈ ಸಲ ಅದರ ಪಕ್ಕದಲ್ಲೇ ಹೋಗೋಣ ಅನ್ನಿಸಿತು.

ಸಹ್ಯಾದ್ರಿಯಿಂದ ಇಳಿದ ಹೊಳೆಗಳು ಕೊಂಕಣದಲ್ಲಿ ಕಡಲು ಸೇರುವ ಹೊತ್ತಿಗೆ ಅಗಲವಾಗಿ ಹರಡಿಕೊಂಡಿರುತ್ತವೆ. ಅಲ್ಲಿಯವರು ಖಾಡಿ ಅಂತಾರೆ, ನಾವು ಅಳಿವೆ ಅಂತೀವಿ. ಹೆದ್ದಾರಿ ಜಾಣ, ಒಳನಾಡಿನಲ್ಲಿ ಹೊಳೆ ಸಣ್ಣದಿರುವಾಗಲೇ ದಾಟಿಬಿಡುತ್ತೆ. ಕಡಲಂಚಿನ ದಾರಿ ಹಿಡಿದವರು ನೀರಿನ ಮುಂದೆ ಇಂಜಿನ್ ಆಫ್ ಮಾಡಿ ಜಂಗಲ್‌ಗೆ ಕಾಯಬೇಕು. ಜಂಗಲ್ ಅಂದ್ರೆ ಕಾಡಲ್ಲ, ಗಾಡಿ ದಾಟಿಸುವ ದೋಣಿ. ಅಲ್ಲಿಯವರೂ ಹಾಗೇ ಅಂತಾರೆ, ನಮ್ಮ ಹಿರಿಯರೂ ಹಾಗೇ ಅಂತಿದ್ರು.

ಗೋವಾ ಸೇರುವಷ್ಟರಲ್ಲಿ ಹೀಗೆ ಆರು ಸಲ. ಮೊದಲನೆಯದು ಮುಂಬಯಿಯಲ್ಲೇ, ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ಹೋಗುವ ರೋ-ರೋ, ಅಂದ್ರೆ ಗಾಡಿ ಸಮೇತ ಹತ್ತಿ ಇಳಿಯುವ ಹಡಗು. 2020ರಲ್ಲಿ ಶುರುವಾದದ್ದು, ಸುಮಾರು ಒಂದು ಗಂಟೆಯ ದಾರಿ, ಎಸಿ ಎಲ್ಲ ಇದೆ, ಹಾಗಾಗಿ ನನ್ನ ಲೆಕ್ಕದಲ್ಲಿ ಅರ್ಧ ಮಾರ್ಕು ಕಡಿಮೆ. ನಿಜವಾದ ಜಂಗಲ್ ಸಿಗೋದು ಮುರುಡ್ ದಾಟಿದ ಮೇಲೆ. ಆಗರದಾಂಡಾದಿಂದ ದಿಘಿ. ಆಮೇಲೆ ಬಾಗಮಾಂಡ್ಲಾದಿಂದ ವೇಶ್ವಿ, ಅಲ್ಲಿ ದಾಟೋದು ಸಾವಿತ್ರಿ ನದಿ. ದಾಭೋಳದಿಂದ ಧೋಪಾವೆಗೆ ವಾಶಿಷ್ಠಿ, ತವಸಾಳದಿಂದ ಜಯಗಡಕ್ಕೆ ಶಾಸ್ತ್ರಿ. ಕೊನೆಗೆ ಗೋವಾ ಗಡಿಯ ತೇರೆಖೋಲ್ ಹೊಳೆ. ಅಲ್ಲಿನ ಕೋಟೆಯದು ಒಂದು ತಮಾಷೆ, ಹೊಳೆಯ ಈಚೆ, ಮಹಾರಾಷ್ಟ್ರದ ದಡದಲ್ಲಿ ಇದ್ದರೂ ಅದು ಗೋವಾದ್ದು.

ಹೊಸಬರಿಗೆ ಒಂದು ಮಾತು. ಇಳಿತದ ಹೊತ್ತಲ್ಲಿ ಜೆಟ್ಟಿಯ ಇಳಿಜಾರಿನ ತುದಿ ಹೊರಗೆ ಬಿದ್ದಿರುತ್ತೆ, ಅದರ ಮೇಲೆಲ್ಲ ಹಾವಸೆ. ಮುಂದಿನ ಬ್ರೇಕ್ ಮುಟ್ಟಲೇಬೇಡಿ. ವೇಶ್ವಿಯಲ್ಲಿ ಇಳಿಯುವಾಗ ನಾನು ಮುಟ್ಟಿದೆ. ಮೊಣಕಾಲಿನ ಗಾಯ ವಾರದಲ್ಲಿ ಒಣಗಿತು, ಆದರೆ ಮೀನಿನ ಬುಟ್ಟಿ ಹಿಡಿದು ಕೂತಿದ್ದ ಮೂರು ಹೆಂಗಸರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಅವರಲ್ಲೇ ಒಬ್ಬರು ಎದ್ದು ಬಂದು ಗಾಡಿ ಎತ್ತಲು ಕೈ ಕೊಟ್ಟರು. ಕೈಗವಸಿಗೆ ಎರಡು ದಿನ ಬಾಂಗಡೆ ವಾಸನೆ.

ನೋಡುವ ಜಾಗಗಳ ಪಟ್ಟಿ ಯಾರ ವಿಡಿಯೊದಲ್ಲಾದರೂ ಸಿಗುತ್ತೆ. ರತ್ನಾಗಿರಿ ಹತ್ತಿರದ ಆರೆ-ವಾರೆಯ ತಿರುವಿನಲ್ಲಿ ಫೋಟೊಕ್ಕೆ ಕ್ಯೂ ನಿಂತಿದ್ದರು, ನಾನು ನಿಲ್ಲಲಿಲ್ಲ. ನಿಂತಿದ್ದು ಕೊರ್ಲಾಯಿಯಲ್ಲಿ. 1740ರಲ್ಲೇ ಪೋರ್ಚುಗೀಸರು ಜಾಗ ಖಾಲಿ ಮಾಡಿದರೂ ಕೋಟೆಯ ಕೆಳಗಿನ ಆ ಊರಿನ ಕ್ರಿಶ್ಚಿಯನ್ನರ ಮನೆಮಾತು ಇವತ್ತಿಗೂ ಪೋರ್ಚುಗೀಸ್ ಬೆರೆತದ್ದು. ಚಹಾದ ಅಂಗಡಿಯಲ್ಲಿ ಕೂತು ಕೇಳಿಸಿಕೊಂಡೆ, ಒಂದಕ್ಷರ ಅರ್ಥ ಆಗಲಿಲ್ಲ. ಮುಂಬಯಿಯ ಲೋಕಲಿನಲ್ಲಿ ನಾವು ಕುಂದಾಪುರದವರು ಮಾತಾಡುವಾಗ ಪಕ್ಕದವರಿಗೆ ಹೀಗೇ ಆಗುತ್ತೇನೋ. ಇನ್ನೊಂದು ಕಶೇಳಿ. ರತ್ನಾಗಿರಿಯಿಂದ ದಕ್ಷಿಣಕ್ಕೆ ರಸ್ತೆ ಮುರಕಲ್ಲಿನ ಬಯಲಿಗೆ ಹತ್ತುತ್ತೆ, ಅವರ ಮಾತಲ್ಲಿ ಸಡಾ. ಆ ಕಲ್ಲಿನ ನೆಲದ ಮೇಲೆ ಯಾವುದೋ ಕಾಲದ ಜನ ಒಂದು ದೊಡ್ಡ ಆನೆ ಕೊರೆದು, ಅದರ ಮೈತುಂಬ ಬೇರೆ ಪ್ರಾಣಿಗಳನ್ನ ಕೊರೆದಿದ್ದಾರೆ. ಈ ಕಡೆಯ ಇಂಥ ಚಿತ್ರಗಳು 2022ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಹೆಲ್ಮೆಟ್ ಕೈಯಲ್ಲಿ ಹಿಡಿದು ಬಿಸಿಲಲ್ಲಿ ಅದರ ಸುತ್ತ ನಡೆದೆ. ಮೊದಲು ಬರೀ ಗೀರುಗಳು. ಸೊಂಡಿಲು ಕಂಡಮೇಲೇ ಆನೆ.

ಈಗ ಜಗಳಕ್ಕೆ ಬರುವ ಮಾತು. ರೇವಸ್‌ನಿಂದ ಗೋವಾ ಗಡಿ ಹತ್ತಿರದ ರೆಡಿ ಊರಿನವರೆಗೆ ಕಡಲ ಪಕ್ಕದ ಹೆದ್ದಾರಿ ಮಾಡಿ ಈ ಖಾಡಿಗಳಿಗೆಲ್ಲ ಸೇತುವೆ ಹಾಕುವುದು ಮಹಾರಾಷ್ಟ್ರದ ಹಳೇ ಯೋಜನೆ. ಅಂತುಲೆಯವರು ಮುಖ್ಯಮಂತ್ರಿಯಾಗಿದ್ದ ಕಾಲದ ಮಾತು, ಈಗ ಬಿರುಸಾಗಿದೆ. ಬೈಕಿನವರ ಗುಂಪುಗಳಲ್ಲಿ ಇದಕ್ಕೆ ಗೋಳೋ ಗೋಳು, "ಕೊಂಕಣ ಮುಗೀತು" ಅಂತ. ನನಗೂ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ನನ್ನ ಚಿಕ್ಕಮ್ಮ ಇರೋದು ಗಂಗೊಳ್ಳಿಯಲ್ಲಿ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತೆ, ಕೂಗಿದರೆ ಕೇಳುವಷ್ಟು ಹತ್ತಿರ. ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ ಸುತ್ತಿ ಬರಬೇಕು. ಚಿಕ್ಕಪ್ಪನಿಗೆ ರಾತ್ರಿ ಎದೆನೋವು ಬಂದಾಗ ರಿಕ್ಷಾದಲ್ಲಿ ಹಾಗೇ ಸುತ್ತಿಕೊಂಡು ಆಸ್ಪತ್ರೆಗೆ ಹೋಗಿದ್ದರು. ಉಳಿದರು, ದೇವರು ದೊಡ್ಡವನು. ಅಳಿವೆ ಎಷ್ಟು ಚಂದ ಅಂತ ಚಿಕ್ಕಮ್ಮನ ಹತ್ತಿರ ಹೇಳುವ ಧೈರ್ಯ ನನಗಿಲ್ಲ. 2025ರಲ್ಲಿ ಶರಾವತಿ ಹಿನ್ನೀರಿಗೆ ಸಿಗಂದೂರಿನ ಸೇತುವೆ ಆದಾಗ ಲಾಂಚಿನ ಫೋಟೊ ಹಾಕಿ ಕಣ್ಣೀರು ಹಾಕಿದವರಲ್ಲಿ ನಾನೂ ಒಬ್ಬ. ದಿನಾ ಆ ಲಾಂಚಿಗೆ ಕಾಯುತ್ತಿದ್ದ ಆಚೆ ದಡದ ತುಮರಿಯವರು ಯಾರೂ ಅತ್ತದ್ದು ಕಾಣಲಿಲ್ಲ.

ಧೋಪಾವೆಗೆ ದಾಟುವಾಗ ಯೂನಿಫಾರ್ಮಿನ ಹುಡುಗಿಯೊಬ್ಬಳು ನನ್ನ ಬ್ಯಾಗಿನ ಮೇಲೆ ಪುಸ್ತಕ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದಳು. ತಲೆ ಎತ್ತಿ ನೀರು ನೋಡಲೇ ಇಲ್ಲ. ನಾನು ಮಾತ್ರ ಮೊಬೈಲ್ ಹಿಡಿದು ಆ ಕಡೆ ಈ ಕಡೆ ಓಡಾಡುತ್ತಿದ್ದೆ.

ಸೇತುವೆ ಆಗಲಿ. ಆಗುವ ಮುಂಚೆ ಇನ್ನೊಂದು ಸಲ ಹೋಗಿ ಬರುತ್ತೇನೆ, ಅಷ್ಟೇ. ದೀಪಾವಳಿ ಕಳೆದ ಮೇಲಿನ ವಾರ ಹೊರಡುವ ಯೋಚನೆ ಇದೆ. ಬರುವವರು ಇನ್‌ಬಾಕ್ಸಿಗೆ ಬನ್ನಿ. ಐದು ದಿನ ರಜೆ ಬೇಕು, ಗಂಟೆ ಲೆಕ್ಕ ಕೇಳಬಾರದು. ಸೈಲೆನ್ಸರ್ ಬಿಚ್ಚಿಸಿದ ಗಾಡಿಯವರು ದಯವಿಟ್ಟು ಬೇಡ, ಆ ಊರುಗಳಲ್ಲಿ ಮಧ್ಯಾಹ್ನ ಜನ ಮಲಗಿರುತ್ತಾರೆ.