ಟ್ಯೂಷನ್ ಮೇಷ್ಟ್ರು ಹತ್ತಿರದವರೇ ಆಗಿರಲಿ

ಸಿಂಗಪುರದಲ್ಲಿ ಮಕ್ಕಳಿರುವ ಮನೆಗಳಲ್ಲಿ ಟ್ಯೂಷನ್ ಫೀಸು ಅಕ್ಕಿ-ಬೇಳೆ ಹಾಗೆ ತಿಂಗಳ ಖರ್ಚಿನಲ್ಲೇ ಸೇರಿರುತ್ತದೆ. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಇಲ್ಲಿನ ಕುಟುಂಬಗಳು ವರ್ಷಕ್ಕೆ ಸುಮಾರು 180 ಕೋಟಿ ಸಿಂಗಪುರ ಡಾಲರನ್ನು ಟ್ಯೂಷನ್‌ಗೆ ಸುರಿಯುತ್ತವೆ. ಅದಕ್ಕೆ ಐದು ವರ್ಷ ಮುಂಚೆ ಇದು 140 ಕೋಟಿ ಇತ್ತು. ಆರನೇ ತರಗತಿಯ ಕೊನೆಗೆ ಪಿಎಸ್‌ಎಲ್‌ಇ ಪರೀಕ್ಷೆ. ಮಗು ಮುಂದೆ ಯಾವ ಹೈಸ್ಕೂಲಿಗೆ ಸೇರಬಹುದು ಅನ್ನುವುದು ಅದರ ಮೇಲೆಯೇ ನಿಂತಿರುತ್ತದೆ. ಹಾಗಾಗಿ ನಾಲ್ಕನೇ ತರಗತಿ ದಾಟುತ್ತಿದ್ದಂತೆ ಕನ್ನಡದವರು ಸೇರಿದ ಕಡೆಯಲ್ಲೆಲ್ಲ ಒಂದೇ ಮಾತು: "ನಿಮ್ಮವನಿಗೆ ಮ್ಯಾಥ್ಸ್‌ಗೆ ಯಾರು ಬರ್ತಾರೆ?"

ಇಲ್ಲಿ ಹುಡುಕುವ ದಾರಿ ಏಜೆನ್ಸಿ. ಯಾವ ತರಗತಿ, ಯಾವ ವಿಷಯ, ಯಾವ ದಿನ, ಹತ್ತಿರದ ಎಂಆರ್‌ಟಿ (ಇಲ್ಲಿಯ ಮೆಟ್ರೊ) ಸ್ಟೇಷನ್ ಯಾವುದು ಎಂದು ತುಂಬಿ ಕಳಿಸಿದರೆ ಸಾಕು. ಸಂಜೆಯೊಳಗೆ ವಾಟ್ಸಾಪಿಗೆ ನಾಲ್ಕೈದು ಜನರ ವಿವರ ಬಂದು ಬೀಳುತ್ತದೆ. ಅವರಲ್ಲಿ ಮೂರು ದರ್ಜೆ. ಕಾಲೇಜು ಓದುತ್ತಿರುವವರು, ಟ್ಯೂಷನ್ನೇ ಕಸುಬು ಮಾಡಿಕೊಂಡವರು, ಶಾಲೆಯಲ್ಲಿ ಪಾಠ ಮಾಡುವ ಅಥವಾ ಮಾಡಿ ಬಿಟ್ಟ ಶಿಕ್ಷಕರು. ಪ್ರೈಮರಿ ಮಕ್ಕಳಿಗೆ ಪಾಠ ಹೇಳಲು ಕಾಲೇಜು ಹುಡುಗರು ಗಂಟೆಗೆ ಸುಮಾರು 30 ಡಾಲರ್ ಕೇಳುತ್ತಾರೆ. ಶಿಕ್ಷಕರದು ಅದರ ಎರಡರಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ಸಾಮಾನ್ಯವಾಗಿ ಏಜೆನ್ಸಿಯವರು ನಮ್ಮಿಂದ ಏನೂ ತೆಗೆದುಕೊಳ್ಳುವುದಿಲ್ಲ, ಪಾಠ ಹೇಳುವವರ ಮೊದಲ ತಿಂಗಳ ಫೀಸಿನಲ್ಲಿ ಹೆಚ್ಚುಕಡಿಮೆ ಅರ್ಧ ಮುರಿದುಕೊಳ್ಳುತ್ತಾರೆ. ಎಲ್ಲ ಮೊದಲೇ ಬಾಯಿಬಿಟ್ಟು ಹೇಳಿದ ಲೆಕ್ಕ. ಇದು ನನಗೆ ನಿಜವಾಗಿಯೂ ಇಷ್ಟ.

ಊರಿನ ರೀತಿಯೇ ಬೇರೆ. ತುಮಕೂರಿನಲ್ಲಿ ನಮ್ಮಕ್ಕ ಮಗಳಿಗೆ ಟ್ಯೂಷನ್ ಹುಡುಕಿದ್ದು ಎದುರುಮನೆಯವರ ಮಾತು ಕೇಳಿ. ಅವರ ಹುಡುಗ ಲೆಕ್ಕದಲ್ಲಿ ಸುಧಾರಿಸಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಒಂದು ಸಂಜೆ ಹೋಗಿ ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತು ನೋಡಿದಳಂತೆ. ಪಡಸಾಲೆಯಲ್ಲಿ ಚಾಪೆ, ಅದರ ಮೇಲೆ ಹತ್ತು ಹನ್ನೆರಡು ಮಕ್ಕಳು. ಒಬ್ಬ ಮಗ್ಗಿ ಒಪ್ಪಿಸುತ್ತಿದ್ದ, ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಚಿಕ್ಕವನ ಭಾಗಾಕಾರ ತಿದ್ದುತ್ತಿದ್ದಳು. ಫೀಸು ಎಷ್ಟು ಸಾರ್ ಅಂದರೆ, "ಎಲ್ಲರೂ ಕೊಡೋದೇ ಕೊಡಿ ತಾಯಿ, ಮೊದಲು ಒಂದು ವಾರ ಕಳಿಸಿ" ಎಂದರಂತೆ. ಅಷ್ಟೇ. ಆದರೆ ಅವರು ಎಷ್ಟು ವರ್ಷದಿಂದ ಪಾಠ ಹೇಳುತ್ತಿದ್ದಾರೆ, ಯಾರ ಮಕ್ಕಳು ಅವರ ಹತ್ತಿರ ಓದಿದ್ದಾರೆ, ಸಿಟ್ಟು ಬಂದರೆ ಕೈ ಎತ್ತುತ್ತಾರಾ, ಎಲ್ಲವೂ ಬೀದಿಗೇ ಗೊತ್ತಿತ್ತು. ಏನಾದರೂ ಹೆಚ್ಚುಕಡಿಮೆ ಆದರೆ ನಾಲ್ಕು ಹೆಜ್ಜೆ ನಡೆದು ಹೋಗಿ ಕೇಳಬಹುದು.

ಏಜೆನ್ಸಿ ಕಳಿಸುವ ವಿವರದಲ್ಲಿ ಇದ್ಯಾವುದೂ ಇರುವುದಿಲ್ಲ. ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು ಪಾಠ ಹೇಳುವವರ ಅಂಕಗಳು. ಯಾವ ಜೂನಿಯರ್ ಕಾಲೇಜು, ಎಷ್ಟು ವಿಷಯದಲ್ಲಿ ಎ. ನಮ್ಮವರು ಇದಕ್ಕೆ ತುಂಬಾ ಬೇಗ ಮರುಳಾಗುತ್ತಾರೆ. ತಾನು ಚೆನ್ನಾಗಿ ಓದಿದವನಿಗೆಲ್ಲ ಹತ್ತು ವರ್ಷದ ಮಗು ಎಲ್ಲಿ ಎಡವುತ್ತಿದೆ ಅನ್ನುವುದು ಕಾಣುವುದಿಲ್ಲ ಅಲ್ವಾ? ಮೊದಲ ದಿನ ಬಂದವರು ಮಗುವಿನ ಹಳೆಯ ಉತ್ತರಪತ್ರಿಕೆ ಕೇಳಿದರೆ ಒಳ್ಳೆಯ ಲಕ್ಷಣ. ತಪ್ಪಾದ ಲೆಕ್ಕವೊಂದನ್ನು ತೋರಿಸಿ "ಇದನ್ನು ಹೇಗೆ ಮಾಡಿದೆ, ಹೇಳು" ಎಂದು ಸುಮ್ನೆ ಕೂತು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಬಂದವರೇ ಒಂದು ಕಟ್ಟು ವರ್ಕ್‌ಶೀಟ್ ತೆಗೆದರೆ ನಾನು ಎರಡನೇ ಸಲ ಕರೆಯುವುದಿಲ್ಲ.

ಹತ್ತಿರದವರೇ ಬೇಕು ಎನ್ನಲು ಇನ್ನೊಂದು ಕಾರಣ ಪಾಠದಲ್ಲೇ ಇದೆ. ಒಂದು ಲೆಕ್ಕ ನೋಡಿ. ರವಿಯ ಹತ್ತಿರ ಮಣಿಯ ಮೂರರಷ್ಟು ಗೋಲಿಗಳಿವೆ, ಇಬ್ಬರದೂ ಸೇರಿ 48. ಕರ್ನಾಟಕದಲ್ಲಿ ಓದಿದ ನಾವು ಮಣಿಯದು ಎಕ್ಸ್, ರವಿಯದು ಮೂರು ಎಕ್ಸ್ ಎಂದು ಬರೆದು 12 ತೆಗೆಯುತ್ತೇವೆ. ಇಲ್ಲಿಯ ಮಗು ಮಣಿಗೆ ಒಂದು ಉದ್ದನೆಯ ಚೌಕ ಬರೆಯುತ್ತದೆ, ರವಿಗೆ ಅಂಥವೇ ಮೂರು. ನಾಲ್ಕು ಚೌಕಕ್ಕೆ 48 ಆದರೆ ಒಂದಕ್ಕೆ 12. ಇದಕ್ಕೆ ಮಾಡೆಲ್ ಎನ್ನುತ್ತಾರೆ. ಸಿಂಗಪುರದ ಗಣಿತ ಹೆಸರು ಮಾಡಿದ್ದೇ ಇದರಿಂದ. ಆನ್‌ಲೈನಿನಲ್ಲಿ ಊರಿಂದಲೇ ಕಡಿಮೆ ಫೀಸಿಗೆ ಪಾಠ ಹೇಳಿಸುವ ಮನೆಗಳಿವೆ. ಮೇಷ್ಟ್ರು ಎಷ್ಟೇ ಜಾಣರಿರಲಿ, ಮಾಡೆಲ್ ಬರೆದು ಅಭ್ಯಾಸವಿಲ್ಲದಿದ್ದರೆ ಮಗು ಎರಡು ದಾರಿಯ ನಡುವೆ ಸಿಕ್ಕಿಕೊಳ್ಳುತ್ತದೆ. ಎರಡನೇ ಭಾಷೆಯದಂತೂ ಬೇರೆಯೇ ತಾಪತ್ರಯ. ಇಲ್ಲಿ ಶಾಲೆಯಲ್ಲಿ ತಮಿಳು ಕಲಿಯಬಹುದು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡ ಇಲ್ಲ. ಮನೆಯಲ್ಲಿ ಯಾರೂ ಆಡದ ಭಾಷೆಗೆ ಟ್ಯೂಷನ್ ಹುಡುಕಬೇಕು.

ಇನ್ನು ಶಾಲೆಯ ಶಿಕ್ಷಕರೇ ಟ್ಯೂಷನ್ ಮಾಡುವ ವಿಚಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ನಮ್ಮಲ್ಲಿ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತೆಯೇ ಇಲ್ಲ. ಆದರೂ ನಡೆಯುತ್ತದೆ, ಎಲ್ಲರಿಗೂ ಗೊತ್ತು. ತರಗತಿಯ ಟೀಚರ್ ಮನೆಗೆ ಹೋಗದ ಮಗು ತನಗೇನೋ ತಪ್ಪಿಹೋಯಿತು ಎಂದು ಕೊರಗುವುದನ್ನು ನಾನು ನೋಡಿದ್ದೇನೆ. ಸಿಂಗಪುರದಲ್ಲಿ ಸರ್ಕಾರಿ ಶಿಕ್ಷಕರು ಅನುಮತಿ ಪಡೆದು ವಾರಕ್ಕೆ ಆರು ಗಂಟೆ ಟ್ಯೂಷನ್ ಹೇಳಬಹುದು. ಪೂರ್ತಿ ಬೇಡ ಎಂದು ಬರೆದು ಕಣ್ಣು ಮುಚ್ಚಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ನನಗೆ ಬೇಸರ ತರಿಸುವ ಒಂದು ವಿಷಯವಿದೆ. ನಮ್ಮ ಬ್ಲಾಕುಗಳಲ್ಲೇ ಬಿ.ಎಡ್ ಮಾಡಿ, ಊರಲ್ಲಿ ಪಾಠ ಹೇಳಿ ಬಂದ ಹೆಣ್ಣುಮಕ್ಕಳಿದ್ದಾರೆ. ಗಂಡನ ಕೆಲಸದ ಮೇಲೆ ಡಿಪೆಂಡೆಂಟ್ಸ್ ಪಾಸಿನಲ್ಲಿ ಬಂದವರು. 2021ರ ಮೇಯಿಂದ ಅಂಥವರು ದುಡಿಯಬೇಕಾದರೆ ಬೇರೆ ವರ್ಕ್ ಪಾಸ್ ಬೇಕು. ಹಾಗಾಗಿ ಪಕ್ಕದ ಮನೆಯ ಮಗುವಿಗೆ ಫೀಸು ತೆಗೆದುಕೊಂಡು ಪಾಠ ಹೇಳುವ ಹಾಗಿಲ್ಲ. ಇಷ್ಟು ಒಳ್ಳೆಯ ಟೀಚರುಗಳು ಸುಮ್ಮನೆ ಮನೆಯಲ್ಲಿ ಕೂತಿದ್ದಾರಲ್ಲ ಅನ್ನಿಸುತ್ತದೆ.

ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ ಇರುವವರು, ಇಲ್ಲಿಯ ಪೌರರಾದವರು ಪಾಠ ಹೇಳಲು ಈ ತೊಡಕಿಲ್ಲ. ಪಿಎಸ್‌ಎಲ್‌ಇ ಮುಗಿಸಿ ಈಗ ಕಾಲೇಜಿನಲ್ಲಿರುವ ಅವರ ಮಕ್ಕಳಿಗೆ ಮಾಡೆಲ್ ಗೊತ್ತು, ಅಮ್ಮನ ಹತ್ತಿರ ಕನ್ನಡದಲ್ಲಿ ಮಾತಾಡುವುದೂ ಗೊತ್ತು. ಇಂಥವರ ಪಟ್ಟಿಯನ್ನು ಎಂಆರ್‌ಟಿ ಸ್ಟೇಷನ್ ಪ್ರಕಾರ ನಮ್ಮವರೇ ಯಾಕೆ ಮಾಡಿಡಬಾರದು? ಹೆಸರು, ವಿಷಯ, ಗಂಟೆಗೆ ಎಷ್ಟು, ಈ ಮೊದಲು ಯಾರ ಮಕ್ಕಳಿಗೆ ಹೇಳಿದ್ದಾರೆ. ಫೀಸು ಕಷ್ಟ ಎನ್ನುವ ಮನೆಗಳಿಗೆ ಸಿಂಡಾದ ಕಡಿಮೆ ದರದ ಟ್ಯೂಷನ್ ತರಗತಿಗಳ ವಿವರವೂ ಅದರಲ್ಲೇ ಇರಲಿ. ಭಾರತೀಯ ಮೂಲದವರಿಗೆಂದೇ 1991ರಲ್ಲಿ ಶುರುವಾದ ಸಂಸ್ಥೆ ಅದು. ಸಂಬಳದಿಂದ ತಿಂಗಳು ತಿಂಗಳು ಅದಕ್ಕೆ ಹಣ ಕಡಿತವಾಗುತ್ತಿದ್ದರೂ ಆ ತರಗತಿಗಳ ಸುದ್ದಿಯೇ ತಿಳಿಯದ ಕನ್ನಡದವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.